ಗಾಳದ ಗ್ರಂಥವೂ ಹೊಳೆ ತೋರಿಸಿದವನೂ

ಬೇಟೆಯ ವೃತ್ತಾಂತಗಳಿಗೆ ಕನ್ನಡದಲ್ಲಿ ವಾಚಕರ ಕೊರತೆ ಎಂದೂ ಇಲ್ಲ. ಹುಲಿಯ ಕಥೆಯೆಂದರೆ ಮನೆಯ ಹಿರಿಯರೂ ಮಕ್ಕಳೂ ಒಂದೇ ದೀಪದ ಸುತ್ತ ಕುಳಿತು ಕೇಳುವರು. ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕಾದು ಕುಳಿತವನ ಕಥೆಗೆ ಮಾತ್ರ ಆ ಭಾಗ್ಯ ದೊರೆತಿಲ್ಲ. ಇಂಗ್ಲಿಷಿನಲ್ಲಿ ಐಜಾಕ್ ವಾಲ್ಟನನು 1653ರಲ್ಲಿಯೇ ಈ ವಿಷಯವಾಗಿ ಗ್ರಂಥ ರಚಿಸಿದನು. ಅಲ್ಲಿಂದೀಚೆಗೆ ಆ ಭಾಷೆಯಲ್ಲಿ ಗಾಳದ ಸಾಹಿತ್ಯವೆಂಬ ಪ್ರತ್ಯೇಕ ಶಾಖೆಯೇ ಬೆಳೆದು ನಿಂತಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ, ನೇತ್ರಾವತಿಗಳೂ, ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ ಹರಿಯುತ್ತಿರುವ ಈ ಕಾಫಿಯ ಬೆಟ್ಟಗಳಲ್ಲಿ ಹೊಳೆಗೂ ಮೀನಿಗೂ ಕೊರತೆಯಿಲ್ಲ. ಮೀನು ಬಲ್ಲವರಿಗೂ ಕೊರತೆಯಿಲ್ಲ. ಹಾಗಿದ್ದೂ ಬರವಣಿಗೆ ಏಕೆ ಇಷ್ಟು ವಿರಳವಾಯಿತು? ಇರುವಷ್ಟರಲ್ಲಿ ಉತ್ತಮವಾದುದು ಯಾವುದು, ಅದು ಉತ್ತಮವಾದುದು ಯಾವ ಗುಣದಿಂದ? ಕಾಡಿನ ಹೊಳೆಯ ದಂಡೆಯಲ್ಲಿ ಬಿಡಾರ ಮಾಡಿಕೊಂಡು ಗಾಳ ಹಾಕುವ ಪ್ರವಾಸಗಳು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿ, ಅವುಗಳ ವರ್ಣನೆಗಳೂ ಹೆಚ್ಚುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಈ ಕ್ರೀಡೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಹಕ್ಕಿಯ ಗರಿ, ನೂಲು, ಪ್ರಾಣಿಯ ರೋಮ ಇವುಗಳಿಂದ ಸಣ್ಣ ಕೊಕ್ಕೆಯ ಮೇಲೆ ಕಟ್ಟಿದ ಹುಸಿನೊಣವೇ ಇಲ್ಲಿ ಎರೆ. ಅದಕ್ಕೆ ತೂಕವೇ ಇಲ್ಲದಿರುವುದರಿಂದ ಅದನ್ನು ದೂರಕ್ಕೆ ಎಸೆಯಲು ಬರುವುದಿಲ್ಲ, ತೂಕವಿರತಕ್ಕದ್ದು ದಾರದಲ್ಲಿ. ಆ ದಾರವನ್ನು ಬೆತ್ತದಂತೆ ಬಾಗುವ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಕೊನೆಗೆ ನೊಣವು ತಾನಾಗಿಯೇ ಬಂದು ಕುಳಿತಂತೆ ನೀರಿನ ಮೇಲೆ ಇಳಿಸಬೇಕು. ಕೈಯ ಈ ಹದವನ್ನು ಅತಿಥಿಯು ಊರಿನಲ್ಲಿಯೇ ಕಲಿತು ಬರಬಹುದು. ಆದರೆ ಯಾವ ಬಂಡೆಯ ಹಿಂದೆ ನೀರು ನಿಧಾನವಾಗುತ್ತದೆ, ಯಾವ ಮಡುವಿನ ತಲೆಯಲ್ಲಿ ಮೀನು ಮೇಯಲು ಬರುತ್ತದೆ, ನಿನ್ನೆಯ ಮಳೆಗೆ ಹೊಳೆಯ ಬಣ್ಣ ಹೇಗೆ ತಿರುಗಿತು ಎಂಬುದನ್ನು ಯಾವ ಊರಿನಲ್ಲಿಯೂ ಕಲಿತು ಬರಲಾಗದು. ಅದನ್ನು ಬಲ್ಲವನು ಆ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವನು. ಬಿಡಾರದ ಗಾಳವೆಂದರೆ ಅತಿಥಿ, ಮೀನು, ಹೊಳೆ ತೋರಿಸುವವನು ಈ ಮೂವರ ವ್ಯವಹಾರ. ಈ ಮೂವರಲ್ಲಿ ಬರೆಯುವವನು ಒಬ್ಬನೇ, ಅತಿಥಿ. ಈ ಸಾಹಿತ್ಯದ ಗುಣದೋಷಗಳೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಇಂತಹ ಬಿಡಾರಗಳಲ್ಲಿ ರೂಢಿಗೆ ಬಂದಿದೆ. ಹುಲಿಯನ್ನು ಹೊಡೆದವನಿಗೆ ಗೋಡೆಯ ಮೇಲಿನ ಚರ್ಮ ಸಾಕ್ಷಿ. ಮೀನನ್ನು ಬಿಟ್ಟವನಿಗೆ ಉಳಿಯುವ ಸಾಕ್ಷಿ ಎರಡೇ: ತನ್ನ ಬರವಣಿಗೆ, ಪಕ್ಕದಲ್ಲಿ ನಿಂತಿದ್ದವನ ನೆನಪು. ಆದಕಾರಣ ಈ ಬಗೆಯ ಗ್ರಂಥದಲ್ಲಿ ಸತ್ಯನಿಷ್ಠೆಯು ಅಲಂಕಾರವಲ್ಲ, ಆಧಾರ. ಪಕ್ಕದಲ್ಲಿದ್ದವನನ್ನು ಬರಹದಿಂದ ಅಳಿಸಿದವನು ತನ್ನ ಒಬ್ಬನೇ ಸಾಕ್ಷಿಯನ್ನು ತಾನೇ ಕಳೆದುಕೊಳ್ಳುತ್ತಾನೆ.

ಈ ದೃಷ್ಟಿಯಿಂದ ನೋಡಿದರೆ ಮೊದಲು ಎದುರಾಗುವುದು ಕನ್ನಡ ಕರಾವಳಿಯಲ್ಲಿಯೇ ಹುಟ್ಟಿದ ಒಂದು ಇಂಗ್ಲಿಷ್ ಗ್ರಂಥ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1873ರಲ್ಲಿ 'ದಿ ರಾಡ್ ಇನ್ ಇಂಡಿಯ' ಎಂಬ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕಳಸದ ಕಡೆಯ ಬೆಟ್ಟಗಳಿಂದ ಇಳಿದ ನೇತ್ರಾವತಿಯು ಕಡಲು ಸೇರುವುದು ಆ ಊರಿನ ಬಳಿಯಲ್ಲಿಯೇ. ಇಂಗ್ಲೆಂಡಿನ ಗಾಳಗಾರರು ತಮ್ಮ ಸಾಲ್ಮನ್ ಮೀನನ್ನು ಬಿಟ್ಟರೆ ಬೇರೆ ದೊರೆಯಿಲ್ಲವೆಂದು ನಂಬಿದ್ದ ಕಾಲದಲ್ಲಿ, ಭಾರತದ ಮಹಶೀರ್ ಸೆಣಸಾಟದಲ್ಲಿ ಅದಕ್ಕಿಂತ ಮಿಗಿಲಾದುದೆಂದು ಈ ಗ್ರಂಥಕರ್ತರು ಧೈರ್ಯವಾಗಿ ಹೇಳಿದರು. ದವಡೆಯಲ್ಲಿ ಹಲ್ಲಿಲ್ಲದ ಈ ಮೀನು ಗಂಟಲಿನ ಹಲ್ಲುಗಳಿಂದಲೇ ಆಹಾರವನ್ನು ನುಚ್ಚುಮಾಡುವ ಬಗೆ, ಅದರ ಮೇವು, ಹೊಳೆಗಳಲ್ಲಿ ಮರಿಮೀನಿನ ವಿನಾಶ, ಇವೆಲ್ಲವೂ ಅವರ ಗಮನಕ್ಕೆ ಬಂದ ವಿಷಯಗಳು. ನೋಡಿದ್ದನ್ನು ನೋಡಿದಂತೆ ಹೇಳುವ ಗುಣ, ಪ್ರಾಣಿಯ ಸ್ವಭಾವದಲ್ಲಿ ನಿಜವಾದ ಕುತೂಹಲ, ನಗಿಸುವ ಶಕ್ತಿ ಇವು ಆ ಪುಸ್ತಕದ ಸಂಪತ್ತು. ಅದು ಮುಂದೆ ಹಲವು ಮುದ್ರಣಗಳನ್ನು ಕಂಡದ್ದು ಆಶ್ಚರ್ಯವಲ್ಲ.

ಆದರೆ ಅದು ಸಾಹೇಬನಿಗಾಗಿ ಬರೆದ ಕೈಪಿಡಿ. ಅದರ ಎದುರಿನಲ್ಲಿ ಕುಳಿತಿರುವ ವಾಚಕನು ಕೋಲು, ದಾರ, ಕೊಕ್ಕೆಗಳನ್ನು ಸೀಮೆಯಿಂದ ತರಿಸಬಲ್ಲವನು. ಸ್ಥಳೀಯನಾದವನು ಅಲ್ಲಿ ಒಂದೋ ಸಾಮಾನು ಹೊರುವ ಸಹಾಯಕ, ಇಲ್ಲವೆ ಹೊಳೆಗೆ ವಿಷ ಹಾಕುವ ಅಪರಾಧಿ. ಜ್ಞಾನಿಯ ಸ್ಥಾನ ಅವನಿಗಿಲ್ಲ. ಇದನ್ನು ಕೇವಲ ದೊರೆತನದ ದರ್ಪವೆಂದು ಹೇಳಿ ಮುಗಿಸಿದರೆ ವಿಮರ್ಶೆಯಾಗದು. ಕೈಪಿಡಿಯ ರೂಪವೇ ಅಂಥದು: ಅದು ಸಲಕರಣೆಯನ್ನು ಕಲಿಸಬಲ್ಲದು, ಹೊಳೆಯನ್ನು ಕಲಿಸಲಾರದು. ಹೊಳೆಯನ್ನು ಕಲಿಸುವವನನ್ನು ಒಳಗೆ ಕರೆಯಬೇಕಾದರೆ ಕೈಪಿಡಿಯ ಬಾಗಿಲು ಸಾಲದು, ಕಥೆಯ ಬಾಗಿಲೇ ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಆ ಕಥೆಗೆ ಬೇಕಾದ ಸಾಮಗ್ರಿ ಕನ್ನಡನಾಡಿನಲ್ಲಿಯೇ ಹೇರಳವಾಗಿ ಒದಗಿತು. ಜಿಮ್ ಕಾರ್ಬೆಟ್ಟರ 1944ರ 'ಕುಮಾವೂನಿನ ನರಭಕ್ಷಕ'ಗಳ ಪುಸ್ತಕದಲ್ಲಿ ಹುಲಿಗಳ ನಡುವೆ ಒಂದು ಅಧ್ಯಾಯ ಮಹಶೀರಿಗೇ ಮೀಸಲಾಗಿ, ಭಾರತದ ಗಾಳದ ಬರಹ ವಿಶಾಲವಾದ ವಾಚಕವರ್ಗವನ್ನು ಮುಟ್ಟಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಾವೇರಿಯ ಹೊಳೆಸಾಲಿನಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಗಾಳದಿಂದ ಎತ್ತಿದರು. 1978ರಲ್ಲಿ ಇಂಗ್ಲೆಂಡಿನ ಮೂವರು ಗಾಳಗಾರರು ಬಂದು ಆ ದೊಡ್ಡ ಮೀನು ಕಾವೇರಿಯಲ್ಲಿ ಇನ್ನೂ ಉಳಿದಿದೆಯೆಂದು ಲೋಕಕ್ಕೆ ಸಾರಿದರು. ಅನಂತರ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಬಿಡಾರಗಳು ನಡೆದವು. ದೂರದೇಶದ ಅತಿಥಿಗಳು ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದರು. ಅವರ ಕೊಕ್ಕೆಗೆ ಅಲ್ಲಿನವರು ಕಟ್ಟಿಕೊಟ್ಟ ಎರೆಯಾದರೂ ರಾಗಿಯ ಮುದ್ದೆ. ಪಾಲ್ ಬೂಟ್ ಮತ್ತು ಜೆರೆಮಿ ವೇಡ್ ಎಂಬಿಬ್ಬರು 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾವೇರಿಯ ಮಹಶೀರೂ ಆಫ್ರಿಕದ ಕಾಂಗೋ ನದಿಯ ಹುಲಿಮೀನೂ ಒಂದೇ ರಟ್ಟಿನೊಳಗೆ ಬಂದವು.

ಈ ಬಿಡಾರಗಳಲ್ಲಿ ಹೊಳೆ ತೋರಿಸಿದವರು ದಂಡೆಯ ಹಳ್ಳಿಗಳವರು. ಹಿಂದೆ ಬಲೆಯನ್ನೂ ಸಿಡಿಮದ್ದನ್ನೂ ಹಿಡಿದಿದ್ದವರಲ್ಲಿ ಕೆಲವರು ಇಲ್ಲಿ ಮೀನಿನ ಕಾವಲುಗಾರರಾದರು. ಕಥೆಗೆ ಇದಕ್ಕಿಂತ ಶ್ರೇಷ್ಠವಾದ ವಸ್ತು ಬೇರೆ ಬೇಕೆ? ಒಂದು ಕಾಲಕ್ಕೆ ಮೀನನ್ನು ಕೊಲ್ಲುವುದಕ್ಕಾಗಿ ಕಲಿತ ವಿದ್ಯೆ ಇನ್ನೊಂದು ಕಾಲಕ್ಕೆ ಅದನ್ನು ಉಳಿಸುವುದಕ್ಕೆ ಒದಗಿದರೆ ಆ ಮನುಷ್ಯನ ಅಂತರಂಗದಲ್ಲಿ ಏನು ನಡೆಯಿತೆಂದು ತಿಳಿಯಲು ಯಾವ ಸಹೃದಯನಿಗೆ ಆಸೆಯಾಗದು? ಬಿಡಾರದ ವರ್ಣನೆಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದಾದರೋ ಮೀನಿನ ತೂಕ, ದಾರದ ಬಲ, ಸೆಣಸಿದ ನಿಮಿಷಗಳ ಲೆಕ್ಕ. ಅವನ ಹೆಸರು ಬಂದರೂ ಬರುವುದು ಕೃತಜ್ಞತೆಯ ಒಂದು ವಾಕ್ಯದಲ್ಲಿ, ಅವನ ನಗೆ ಬರುವುದು ಚಿತ್ರದ ಅಂಚಿನಲ್ಲಿ.

ಈ ಲೋಪದ ಫಲ ಸಾಹಿತ್ಯಕ್ಕೆ ಮಾತ್ರ ತಟ್ಟಿತೆಂದು ಭಾವಿಸಬಾರದು. ಗಾಲಿಬೋರೆ ಬಿಡಾರದಲ್ಲಿ ಅತಿಥಿಗಳು ಹಿಡಿದು ಬಿಟ್ಟ ಮೀನುಗಳ ದಾಖಲೆ ಪುಸ್ತಕವಿತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು, ಎಂದರೆ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು, ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು. ಅತಿಥಿಗಳು ಹರ್ಷಪಟ್ಟಿರಲೂ ಸಾಕು. ಆದರೆ ಹಾಗೆ ಹೆಚ್ಚಿದ್ದು, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಕೀರ್ತಿಗೆ ಕಾರಣವಾದ, ಕಿತ್ತಳೆ ಬಣ್ಣದ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಅದೇ ಪುಟಗಳಲ್ಲಿ ವರ್ಷದಿಂದ ವರ್ಷಕ್ಕೆ ಮರೆಯಾಗುತ್ತಿತ್ತು. ಇನ್ನೂ ವಿಚಿತ್ರವೆಂದರೆ, ನೂರಾರು ಗಾಳಗಾರರು ಸಮುದ್ರ ದಾಟಿ ಬಂದು ಹಿಡಿದ ಆ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ನಿಶ್ಚಯವಾಗಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಹಿಂದೆಯೇ ಇಟ್ಟಿದ್ದ ಟಾರ್ ರೆಮಾದೇವೀ ಎಂಬ ಹೆಸರು ಇದಕ್ಕೂ ಸಲ್ಲುವುದೆಂದು ಸ್ಥಿರಪಟ್ಟದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು.

ಇಲ್ಲಿ ವಿಮರ್ಶಕನಿಗೆ ಎರಡು ಪಾಠಗಳಿವೆ. ವರ್ಣನೆಯ ಚಮತ್ಕಾರವಿಲ್ಲದ, ದಿನಾಂಕ, ತೂಕ, ಬಣ್ಣಗಳ ಒಣ ಪಟ್ಟಿಯು ಎಷ್ಟೋ ರಮ್ಯ ವೃತ್ತಾಂತಗಳಿಗಿಂತ ಹೆಚ್ಚು ಬೆಲೆಯುಳ್ಳದ್ದಾಯಿತು. ಸತ್ಯನಿಷ್ಠೆ ತಡವಾಗಿಯಾದರೂ ಫಲ ಕೊಡುತ್ತದೆ ಎಂಬುದು ಮೊದಲನೆಯದು. ಎರಡನೆಯದು ಇದಕ್ಕಿಂತ ಗಂಭೀರವಾದುದು. ಅತಿಥಿಯು ವರ್ಷಕ್ಕೊಮ್ಮೆ ಬಂದು ಹೋಗುವವನು. ಒಂದು ಜಾತಿ ಕಡಿಮೆಯಾಗಿ ಇನ್ನೊಂದು ಹೆಚ್ಚುವುದನ್ನು ದಿನವೂ ನೀರಿನ ಎದುರಿಗೆ ನಿಂತು ನೋಡುವವನು ಹೊಳೆ ತೋರಿಸುವವನೇ. ಅವನ ಮಾತನ್ನು ಗ್ರಂಥದೊಳಕ್ಕೆ ಕರೆಯುವ ಪದ್ಧತಿ ಆ ಸಾಹಿತ್ಯದಲ್ಲಿ ಬಲವಾಗಿದ್ದಿದ್ದರೆ ಪಟ್ಟಿಯ ಅಂಕಿಗಳಿಗೆ ಅರ್ಥ ಹೇಳುವವರು ಹೆಚ್ಚಾಗಿರುತ್ತಿದ್ದರು. ಪಕ್ಕದವನನ್ನು ಕಾಣದಿರುವುದು ಬರಿಯ ಸೌಜನ್ಯದ ಕೊರತೆಯಲ್ಲ; ಅದು ದೃಷ್ಟಿಯ ದೋಷ.

ಈ ದೋಷವನ್ನು ಮೀರಿದ ಕೃತಿ ಯಾವುದೆಂದು ಹುಡುಕಿದರೆ ಮತ್ತೆ ಕಾವೇರಿಯನ್ನು ಬಿಟ್ಟು ಮೂಡಿಗೆರೆಗೇ ಬರಬೇಕಾಗುತ್ತದೆ. ಅದೂ ಗಾಳದ ಗ್ರಂಥವಲ್ಲದ ಒಂದು ಕಾದಂಬರಿಗೆ. ಶ್ರೀ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಕಾಫಿಯ ತೋಟ ಮಾಡಿಕೊಂಡು ಬಾಳಿದವರು, ಗಾಳದಲ್ಲಿ ಅತ್ಯಾಸಕ್ತಿಯುಳ್ಳವರು. ಕೆನ್ನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದವರೂ ಅವರೇ. ಇಂಗ್ಲಿಷ್ ಬೇಟೆಯ ಸಾಹಿತ್ಯದ ಬಲವೂ ಮಿತಿಯೂ ಅವರಿಗೆ ಚೆನ್ನಾಗಿ ತಿಳಿದಿದ್ದವು. ಅವರ 'ಕರ್ವಾಲೊ' (1980) ಹಾರುವ ಓತಿಯೊಂದನ್ನು ಅರಸಿ ಕಾಡಿಗೆ ಹೋದವರ ಕಥೆ. ಆದರೆ ಅದರ ಕಟ್ಟಡವನ್ನು ಗಮನಿಸಿದ ವಾಚಕರಿಗೆ ಬಿಡಾರದ ಬೇಟೆಯ ಸಕಲ ಅಂಗಗಳೂ ಅಲ್ಲಿ ಕಾಣುತ್ತವೆ. ದೂರದ ಜ್ಞಾನವನ್ನು ಹೊತ್ತು ಬಂದ ವಿಜ್ಞಾನಿ ಕರ್ವಾಲೊ ಇದ್ದಾನೆ. ಚಿತ್ರ ತೆಗೆಯುವ ಪ್ರಭಾಕರ, ಅಡಿಗೆಗೂ ಮರ ಹತ್ತುವುದಕ್ಕೂ ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ ಎಂಬ ನಾಯಿ ಇದ್ದಾರೆ. ವೃತ್ತಾಂತ ಹೇಳುವ ವಿದ್ಯಾವಂತನಾದ ಬೇಸಾಯಗಾರನಿದ್ದಾನೆ. ಇವರೆಲ್ಲರಿಗೂ ದಾರಿ ತೋರಿಸುವವನು ಮಂದಣ್ಣ. ಓತಿಯನ್ನು ಕಂಡವನು ಅವನು.

ತೇಜಸ್ವಿಯವರು ಇಲ್ಲಿ ಮಾಡಿದ ಮಹತ್ಕಾರ್ಯವೆಂದರೆ ಅಂಚಿನಲ್ಲಿದ್ದವನನ್ನು ನಡುವಿಗೆ ತಂದದ್ದು. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಪೆದ್ದ. ಅವನಿಗೆ ಬೇಕಾದದ್ದು ಒಂದು ಸಣ್ಣ ನೌಕರಿ, ಒಂದು ಮದುವೆ. ಸಾಲದ್ದಕ್ಕೆ ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಇಂತಹವನಲ್ಲಿ ಕರ್ವಾಲೊ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಗುರುತಿಸುತ್ತಾನೆ. ಗ್ರಂಥಕರ್ತರು ಮಂದಣ್ಣನನ್ನು ಕಾಡಿನ ಋಷಿಯನ್ನಾಗಿ ಮಾಡಿ ಪೂಜಿಸುವುದಿಲ್ಲ. ಅವನ ಪೆದ್ದುತನವನ್ನೂ ಆಸೆಗಳನ್ನೂ ಹಾಗೆಯೇ ಇರಗೊಟ್ಟು, ಅವುಗಳ ನಡುವೆಯೇ ಅವನ ಕಣ್ಣಿನ ಪ್ರತಿಭೆಯನ್ನು ತೋರಿಸುತ್ತಾರೆ. ಹಳ್ಳಿಗನನ್ನು ಹೊಗಳುವ ನೆಪದಲ್ಲಿ ಅವನನ್ನು ಬೊಂಬೆಯಾಗಿ ಮಾಡುವ ಬರವಣಿಗೆಗಿಂತ ಇದು ಎಷ್ಟೋ ಮೇಲು. ಕೊನೆಗೆ ಕೈಗೆ ಸಿಕ್ಕುವಂತಿದ್ದ ಓತಿಯು ಕಡಿದಾದ ಅಂಚಿನಿಂದ ಪ್ರಪಾತದ ಮೇಲೆ ತೇಲಿ ಕಣ್ಮರೆಯಾಗುತ್ತದೆ. ಹಿಡಿದು ಬಿಡುವ ಗಾಳಗಾರನು ಮೀನಿನ ಬೆನ್ನು ನೀರಿನಲ್ಲಿ ಮಾಸುವುದನ್ನು ನೋಡುತ್ತ ನಿಂತಾಗ ಅನುಭವಿಸುವ ಭಾವಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಮೀಪವಾದ ಚಿತ್ರ ದುರ್ಲಭ. ಸಿಕ್ಕಿದ್ದು ಪ್ರಾಣಿಯಲ್ಲ, ಅದನ್ನು ಒಟ್ಟಿಗೆ ಕಂಡವರ ನಡುವೆ ಹುಟ್ಟಿದ ಸಮಾನತೆ.

ಆದರೆ ಮೆಚ್ಚಿಕೆಯೊಡನೆ ಒಂದು ಆಕ್ಷೇಪವನ್ನೂ ಹೇಳಲೇಬೇಕು. ಮಂದಣ್ಣನ ತಿಳಿವಳಿಕೆಗೆ ಬೆಲೆ ಬಂದದ್ದು ಕರ್ವಾಲೊ ಅದನ್ನು ಗುರುತಿಸಿದ ಮೇಲೆ. ಅದು ವಾಚಕರಿಗೆ ಮುಟ್ಟಿದ್ದು ತೋಟದ ವಿದ್ಯಾವಂತನ ಬಾಯಿಂದ. ಆ ವಿಜ್ಞಾನಿ ಮೂಡಿಗೆರೆಗೆ ಬಾರದಿದ್ದಲ್ಲಿ ಮಂದಣ್ಣ ಏನಾಗುತ್ತಿದ್ದ? ಊರಿನ ತೀರ್ಪಿನಂತೆ ಪೆದ್ದನಾಗಿಯೇ ಉಳಿಯುತ್ತಿದ್ದನು. ಕಾದಂಬರಿಯು ಈ ಪ್ರಶ್ನೆಯನ್ನು ಮರೆಮಾಚುವುದಿಲ್ಲ, ಉತ್ತರಿಸುವುದೂ ಇಲ್ಲ. ಅಂಚಿನಲ್ಲಿದ್ದವನು ನಡುವಿಗೆ ಬಂದನು ನಿಜ. ಲೇಖನಿ ಮಾತ್ರ ಇನ್ನೂ ಅವನ ಕೈಗೆ ಬಂದಿಲ್ಲ. ಇದು ತೇಜಸ್ವಿಯವರ ನ್ಯೂನತೆಯೆನ್ನುವುದಕ್ಕಿಂತ ಅವರು ಮುಂದಿನವರಿಗೆ ಬಿಟ್ಟುಹೋದ ಕೆಲಸವೆನ್ನುವುದು ನ್ಯಾಯ.

ಇಷ್ಟು ಹೇಳುವಾಗ ಕೆಲವು ಮನೆಗಳಲ್ಲಿ ಬೇರೊಂದು ಪ್ರಶ್ನೆ ಏಳುವುದು ಸಹಜ. ತಿನ್ನುವುದಕ್ಕೂ ಅಲ್ಲದೆ ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ ಬಿಡುವುದರಲ್ಲಿ ಯಾವ ಪುರುಷಾರ್ಥ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಯಾತ್ರಿಕರು ಹಾಕುವ ಅಕ್ಕಿಗೆ ಗುಂಪುಗೂಡುವ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ; ಆ ಪ್ರೀತಿಗೆ ಗಾಳ ಬೇಕಾಗಲಿಲ್ಲವಲ್ಲ? ಪ್ರಶ್ನೆ ನ್ಯಾಯವಾದುದು. ಕಾವೇರಿ ವನ್ಯಧಾಮದಲ್ಲಿ 2012ರಲ್ಲಿ ಗಾಳದ ಕ್ರೀಡೆಯನ್ನು ನಿಲ್ಲಿಸಿದುದು ರಕ್ಷಿತ ಅರಣ್ಯದೊಳಗೆ ಇಂತಹ ವಿನೋದ ಸಲ್ಲದೆಂಬ ವಿಚಾರದಿಂದಲೇ. ಆದರೆ ಆ ನಿಲುಗಡೆಯೊಡನೆ ಹಿಡಿದ ಮೀನಿನ ಲೆಕ್ಕವೂ ನಿಂತಿತು, ಗಾಳದ ದಾರಿ ತೋರಿಸಿ ಜೀವನ ಮಾಡುತ್ತಿದ್ದವರ ಕೆಲಸವೂ ನಿಂತಿತು ಎಂಬುದನ್ನೂ ತೂಗಿ ನೋಡಬೇಕು. ದೇವಸ್ಥಾನದ ಮಡು ಮೀನನ್ನು ಭಕ್ತಿಯಿಂದ ಉಳಿಸುತ್ತದೆ. ಆ ಮಡುವಿನಾಚೆಯ ಉದ್ದನೆಯ ಹೊಳೆಗೆ ಭಕ್ತಿಯ ಮೆಟ್ಟಿಲಿಲ್ಲ, ಅಲ್ಲಿ ಮೀನನ್ನು ಉಳಿಸತಕ್ಕದ್ದು ತಿಳಿವಳಿಕೆ. ಆ ತಿಳಿವಳಿಕೆ ಯಾರ ಬಳಿ ಇದೆಯೋ ಅವರನ್ನು ಬಿಟ್ಟು ವಾದ ನಡೆಸಿದರೆ, ಗಾಳದ ಪಕ್ಷದವರೂ ಗಾಳ ಬೇಡವೆನ್ನುವವರೂ ಒಂದೇ ತಪ್ಪನ್ನು ಮಾಡಿದಂತಾಗುವುದು.

ಹೊಳೆಯ ಬಳಿಯ ಮನುಷ್ಯನ ಪಂಚಾಂಗ ಬೇರೆ. ಮೃಗಶಿರಾ ಮಳೆ ಹಿಡಿದು ಹೊಸ ನೀರು ಗದ್ದೆಗಳಿಂದ ಹಳ್ಳಕ್ಕೆ ಇಳಿದಾಗ ಹತ್ತುಮೀನು ಏರುವುದನ್ನು ಅವನು ಗಡಿಯಾರ ನೋಡದೆ ಹೇಳುತ್ತಾನೆ. ಕೂಳಿಯನ್ನು ಎಲ್ಲಿ ಇಡಬೇಕು, ಯಾವ ಮೀನನ್ನು ಆ ದಿನಗಳಲ್ಲಿ ಮುಟ್ಟಬಾರದು, ಮೇಲೆ ಎಲ್ಲಿ ಮಣ್ಣು ಕುಸಿದರೆ ಕೆಳಗೆ ಯಾವ ಮಡು ತುಂಬುತ್ತದೆ ಎಂಬುದು ಅವನಿಗೆ ಪಾಠವಲ್ಲ, ಅನ್ನ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಯ ನೀರಿನ ವಿಷಯವಾಗಿ ವರ್ಷಗಟ್ಟಲೆ ವಾದವಿವಾದಗಳು ನಡೆದವು, ಕಾಗದಗಳೂ ರಾಶಿಯಾದವು. ಹೊಳೆಯಲ್ಲಿ ಬಲೆ ಬೀಸಿ ಬಾಳಿದವನು ಕಂಡದ್ದನ್ನು ಅವನ ಮಾತಿನಲ್ಲಿಯೇ ಹೇಳುವ ಒಂದು ಗ್ರಂಥ ಆ ರಾಶಿಯ ಪಕ್ಕದಲ್ಲಿದ್ದರೆ ಅದರ ಬೆಲೆಯೇ ಬೇರೆಯಾಗುತ್ತಿತ್ತು.

ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟದ ಮನೆಗಳಿಗೆ ಹೊರಗಿನ ಅತಿಥಿಗಳು ತಂಡತಂಡವಾಗಿ ಬರುತ್ತಿದ್ದಾರೆ. ಅವರಿಗೆ ಹಳ್ಳವನ್ನೂ ಹಕ್ಕಿಯನ್ನೂ ತೋರಿಸಲು ಯಾವನೋ ಒಬ್ಬ ಮಂದಣ್ಣ ಮುಂದೆ ನಡೆಯುತ್ತಾನೆ. ಹಿಂದಿರುಗಿದ ಅತಿಥಿ ಬರೆಯುತ್ತಾನೆ. ಬೆಟ್ಟದ ಮಂಜನ್ನು, ಕಾಫಿಯ ಹೂವನ್ನು, ತನ್ನ ಆನಂದವನ್ನು ಬಣ್ಣಿಸುತ್ತಾನೆ. ಆ ಬರಹವನ್ನು ಅಳೆಯುವುದಕ್ಕೆ ಒಂದು ಸುಲಭವಾದ ಕೋಲು ಸಾಕು: ಮುಂದೆ ನಡೆದವನು ಅದರಲ್ಲಿ ಏನನ್ನು ಕಂಡನು, ಏನೆಂದನು, ಎಲ್ಲಿ ಅತಿಥಿಯ ಅಭಿಪ್ರಾಯವನ್ನು ತಿದ್ದಿದನು? ಈ ಮೂರಕ್ಕೂ ಪುಟದಲ್ಲಿ ಉತ್ತರವಿಲ್ಲದಿದ್ದರೆ ಅದು ಎಷ್ಟೇ ಲಲಿತವಾಗಿರಲಿ ಬಿಡಾರದ ಜಾಹೀರಾತಿನ ದೊಡ್ಡ ತಮ್ಮನೆನ್ನಬೇಕು. ಥಾಮಸರ ಶ್ರದ್ಧೆ, ದಾಖಲೆ ಪುಸ್ತಕದ ಪ್ರಾಮಾಣಿಕತೆ, ತೇಜಸ್ವಿಯವರ ಸಮದೃಷ್ಟಿ ಇವು ಮೂರೂ ಕೂಡಿದ ಗ್ರಂಥವೊಂದು ಕನ್ನಡಕ್ಕೆ ಇನ್ನೂ ಬರಬೇಕಾಗಿದೆ. ಅದನ್ನು ಬರೆಯತಕ್ಕವನು ಹೊರಗಿನಿಂದ ಬರಬೇಕಾಗಿಲ್ಲ. ಭದ್ರೆಯ ದಂಡೆಯ ಯಾವುದೋ ಶಾಲೆಯಲ್ಲಿ ಅವನು ಈಗ ಅಕ್ಷರ ತಿದ್ದುತ್ತಿರಬಹುದು. ಅವನ ತಂದೆ ಹೊಳೆ ತೋರಿಸಲು ಹೋಗಿರಬಹುದು. ಸಂಜೆ ತಂದೆ ಮನೆಗೆ ಬಂದು ಹೇಳುವ ಮಾತು ಬರೆಯತಕ್ಕ ಮಾತೆಂದು ಆ ಹುಡುಗನಿಗೆ ತಿಳಿಸಿಕೊಡುವುದು ವಿದ್ಯಾವಂತ ಮನೆಗಳ ಕೆಲಸ.